ಪ್ರೇರಿಗೊಬ್ಬಳು ದಾದಿ

ಇಲಿನಾಯ್ ರಾಜ್ಯಕ್ಕೆ 'ಪ್ರೇರಿ ಸ್ಟೇಟ್' ಎಂಬ ಅಡ್ಡಹೆಸರು. ಇಲ್ಲಿಗೆ ಬಂದು ಹದಿನೈದು ಇಪ್ಪತ್ತು ವರ್ಷಗಳಾದರೂ ಪ್ರೇರಿಯನ್ನು ಕಣ್ಣಾರೆ ಕಾಣದವರು ನಮ್ಮ ಬಳಗದಲ್ಲೇ ಸಾಕಷ್ಟು ಮಂದಿ ಇದ್ದಾರೆ. ತಪ್ಪು ಅವರದಲ್ಲ. ಒಂದು ಕಾಲಕ್ಕೆ ಈ ರಾಜ್ಯದಲ್ಲಿ ಸುಮಾರು 2 ಕೋಟಿ 20 ಲಕ್ಷ ಎಕರೆ ಪ್ರೇರಿ ಇತ್ತಂತೆ. ಇವತ್ತು ನೇಗಿಲ ಬಾಯಿಗೆ ಬೀಳದೆ ಒಳ್ಳೆಯ ಸ್ಥಿತಿಯಲ್ಲಿ ಉಳಿದಿರುವುದು ಎರಡೂವರೆ ಸಾವಿರ ಎಕರೆಯ ಆಸುಪಾಸು. ಹೆಚ್ಚುಕಡಿಮೆ ಹತ್ತು ಸಾವಿರದಲ್ಲಿ ಒಂದು ಪಾಲು! 1837ರಲ್ಲಿ ಜಾನ್ ಡೀರ್ ಎಂಬ ಕಮ್ಮಾರ ಇದೇ ರಾಜ್ಯದ ಗ್ರ್ಯಾಂಡ್ ಡಿಟೂರ್ ಎಂಬ ಊರಿನಲ್ಲಿ ಜಿಗುಟು ಮಣ್ಣು ಅಂಟದಂಥ ಉಕ್ಕಿನ ನೇಗಿಲು ಮಾಡಿದ. ಅಲ್ಲಿಂದಾಚೆಗೆ ಪ್ರೇರಿಯೆಲ್ಲ ಹೊಲವಾಯಿತು. ಈಗ ಉಳಿದಿರುವ ತುಣುಕುಗಳನ್ನು ಹುಡುಕಬೇಕಾದದ್ದು ರೈಲು ಹಳಿಯ ಅಂಚಿನಲ್ಲಿ, ಇಲ್ಲವೇ ಮೊದಲ ವಲಸಿಗರ ಹಳೆಯ ಸ್ಮಶಾನಗಳಲ್ಲಿ. ಸತ್ತವರು ಮಲಗಿದ್ದಾರೆಂಬ ಕಾರಣಕ್ಕೆ ಬದುಕಿಕೊಂಡ ಹುಲ್ಲು ಅದು.

ಪ್ರೇರಿಗೆ ಕನ್ನಡದಲ್ಲಿ ಏನೆನ್ನಬೇಕು? 'ಹುಲ್ಲುಗಾವಲು' ಎಂದರೆ ಕಣ್ಣ ಮುಂದೆ ದನ ಬರುತ್ತದೆ, ದನ ಕಾಯುವ ಹುಡುಗ ಬರುತ್ತಾನೆ. ಆದರೆ ಪ್ರೇರಿ ಎನ್ನುವುದೂ ಫ್ರೆಂಚರ ಹುಲ್ಲುಗಾವಲೇ. ಈ ನೆಲಕ್ಕೆ ಬಂದ ಫ್ರೆಂಚರು ಆಳೆತ್ತರದ ಹುಲ್ಲು, ನೂರಾರು ಬಗೆಯ ಹೂಗಿಡ ಕಂಡು, ಬೇರೆ ಪದ ಸಿಗದೆ ತಮ್ಮೂರ ಪದವನ್ನೇ ಅದಕ್ಕೆ ತೊಡಿಸಿದರು. ಹಾಗಾಗಿ ನಾನೂ ಪ್ರೇರಿ ಎಂದೇ ಬರೆಯುತ್ತೇನೆ, ಪಂಡಿತರು ಕ್ಷಮಿಸಬೇಕು.

ಕಂಪ್ಯೂಟರಿನವನಿಗೆ ಈ ಹುಲ್ಲಿನ ಉಸಾಬರಿ ಏಕೆ ಎಂದು ಕೇಳುವವರಿಗೆ ಒಂದು ಮಾತು. ಶಿಕಾಗೋದ ಪಶ್ಚಿಮಕ್ಕಿರುವ ನಮ್ಮ ಬಡಾವಣೆಯ ಹಿಂದೆ ಮಳೆನೀರು ಬಂದು ನಿಲ್ಲುವುದಕ್ಕೆಂದು ತೋಡಿದ ಒಂದು ತಗ್ಗು ಇದೆ; ಅರ್ಧ ಎಕರೆ ಇರಬಹುದು. ಇಂಥ ತಗ್ಗು ಇಲ್ಲಿನ ಅನೇಕ ಬಡಾವಣೆಗಳಲ್ಲಿ ಇರುತ್ತದೆ. ಅದರ ಏರಿಗೆ ಹಾಕಿದ್ದ ಲಾನ್ ಹುಲ್ಲಿನ ಬೇರು ಮೇಲೆ ಮೇಲೆಯೇ ಇದ್ದು ಪ್ರತಿ ವಸಂತದಲ್ಲೂ ಮಣ್ಣು ಜಾರುತ್ತಿತ್ತು. ಅಲ್ಲಿ ಪ್ರೇರಿ ಗಿಡಗಳನ್ನು ಬೆಳೆಸೋಣ ಎಂಬ ಸಲಹೆ ಮನೆ ಮಾಲೀಕರ ಸಂಘದ ಮುಂದೆ ಬಂದು, ಭಾರೀ ಚರ್ಚೆಯಾಗಿ, ಕೆಲವೇ ಮತಗಳ ಅಂತರದಲ್ಲಿ ಪಾಸಾಯಿತು. ಜೊತೆಗೊಂದು ಷರತ್ತು: ಮೂರು ವರ್ಷದಲ್ಲಿ ಕಣ್ಣಿಗೆ ಕಾಣುವಂಥದ್ದೇನೂ ಆಗದಿದ್ದರೆ ಮತ್ತೆ ಲಾನ್. ಕೆಲಸಕ್ಕೆ ಇಬ್ಬರಿಂದ ಕೊಟೇಶನ್ ಬಂತು. ಒಬ್ಬರು ಪ್ರೇರಿ ಬೀಜದ ಜೊತೆ ಓಟ್ಸ್ ಬಿತ್ತುತ್ತೇವೆ ಎಂದಿದ್ದರು, ಇನ್ನೊಬ್ಬರು 'ಆನ್ಯುಯಲ್ ರೈ' ಎಂದಿದ್ದರು. ಎರಡಕ್ಕೂ ವ್ಯತ್ಯಾಸ ಏನು, ಯಾವುದು ಬೇಕು, ಅಸಲಿಗೆ ಬೇಕೇ ಬೇಕೆ ಎಂದು ಓದಿ ಹೇಳುವ ಕೆಲಸ ಸಮಿತಿಯಲ್ಲಿದ್ದ ನನ್ನ ತಲೆಗೆ ಬಂತು. ಆ ಚಳಿಗಾಲವಿಡೀ ಓದಿದ್ದರ ಸಾರ ಇದು.

ಮೊದಲು ಪ್ರೇರಿ ಗಿಡಗಳ ಸ್ವಭಾವ ತಿಳಿಯಬೇಕು. ಬಿಗ್ ಬ್ಲೂಸ್ಟೆಮ್, ಇಂಡಿಯನ್ ಗ್ರಾಸ್, ಕಂಪಾಸ್ ಪ್ಲಾಂಟ್, ಕೋನ್‌ಫ್ಲವರ್, ಲೆಡ್ ಪ್ಲಾಂಟ್ ಇವೆಲ್ಲ ಬಹುವಾರ್ಷಿಕಗಳು. ಕಂಪಾಸ್ ಪ್ಲಾಂಟಿನ ಬೇರು ಹತ್ತು ಹನ್ನೆರಡು ಅಡಿ ಇಳಿಯುತ್ತದೆ. ಇಷ್ಟು ಆಳ ಹೋಗಬೇಕಾದವರು ಮೇಲೆ ಆಟ ತೋರಿಸುವುದಕ್ಕೆ ಅವಸರಪಡುವುದಿಲ್ಲ. ಮೊದಲ ವರ್ಷ ಸಸಿ ನೆಲದ ಮೇಲೆ ಕೆಲವೇ ಇಂಚು. ಉಳಿದ ಸಂಪಾದನೆಯೆಲ್ಲ ಬೇರಿಗೆ. ಇಲ್ಲಿನ ತೋಟಗಾರರಲ್ಲಿ ಒಂದು ಮಾತಿದೆ, ಮೊದಲ ವರ್ಷ ನಿದ್ದೆ, ಎರಡನೆಯ ವರ್ಷ ಅಂಬೆಗಾಲು, ಮೂರನೆಯ ವರ್ಷ ನೆಗೆತ ಅಂತ.

ತೊಂದರೆ ಆ ನಿದ್ದೆಯ ವರ್ಷದ್ದು. ಬರಿ ನೆಲ ಬರಿದಾಗಿ ಇರುವುದಿಲ್ಲವಲ್ಲ. ಇಳಿಜಾರಾದರೆ ಮೊದಲ ಜೋರು ಮಳೆಗೆ ಮಣ್ಣಿನ ಜೊತೆ ಬೀಜವೂ ತಗ್ಗಿಗೆ ಹೋಗುತ್ತದೆ. ಹೂಗಿಡಗಳು ಹೆಚ್ಚಿರುವ ಬೀಜದ ಮಿಶ್ರಣಕ್ಕೆ ಎಕರೆಗೆ ಸಾವಿರ ಡಾಲರ್ ದಾಟುವುದು ಹೊಸತೇನಲ್ಲ, ಆದ್ದರಿಂದ ಕೊಚ್ಚಿಹೋಗುವುದು ಬರೀ ಮಣ್ಣಲ್ಲ, ಸಂಘದ ದುಡ್ಡು. ಮಟ್ಟಸವಾದ ಜಾಗವಾದರೆ ಕಳೆ. ಜೈಂಟ್ ಫಾಕ್ಸ್‌ಟೇಲ್ ಎಂಬ ಕಳೆಯ ತೆನೆಯನ್ನು ನೋಡಿದರೆ ಎಲ್ಲೋ ನೋಡಿದ್ದೇವಲ್ಲ ಅನಿಸುತ್ತದೆ. ಅನಿಸಲೇಬೇಕು, ಅದು ನಮ್ಮ ನವಣೆಯ ದಾಯಾದಿ! ನವಣೆ ಸೆಟೇರಿಯಾ ಇಟಾಲಿಕಾ, ಇದು ಸೆಟೇರಿಯಾ ಫೇಬೆರಿ. 1920ರ ದಶಕದಲ್ಲಿ ಚೀನಾದಿಂದ ಬಂದ ನವಣೆ ಬೀಜದೊಳಗೆ ಬೆರೆತು ಈ ದೇಶಕ್ಕೆ ಕಾಲಿಟ್ಟಿರಬೇಕು ಎನ್ನುತ್ತಾರೆ. ನಮ್ಮಂತೆಯೇ ಏಷ್ಯಾದಿಂದ ಬಂದು ಇಲ್ಲಿ ಬೇರೂರಿದೆ ಎಂದು ಪ್ರೀತಿ ತೋರಿಸಲು ಹೋಗಬೇಡಿ, ಒಂದೇ ಬೇಸಿಗೆಯಲ್ಲಿ ಸೊಂಟದೆತ್ತರ ಬೆಳೆದು ಕೆಳಗಿನ ಸಸಿಗಳಿಗೆ ಬಿಸಿಲೇ ಬೀಳದಂತೆ ಮಾಡುತ್ತದೆ.

ಈ ಎರಡಕ್ಕೂ ಮದ್ದು ಎಂದು ಹೇಳಲಾಗುವುದೇ ಹೊದಿಕೆ ಬೆಳೆ. ಬೇಗ ಮೊಳೆತು, ಬೇಗ ಬೆಳೆದು, ನೆಲವನ್ನು ಹಿಡಿದುಕೊಂಡು, ತನ್ನ ಕಾಲ ಮುಗಿದ ಮೇಲೆ ಹೋಗಿಬಿಡುವ ಬೆಳೆ. ಇಂಗ್ಲಿಷಿನಲ್ಲಿ ಇದಕ್ಕೆ 'ನರ್ಸ್ ಕ್ರಾಪ್' ಎಂಬ ಇನ್ನೊಂದು ಹೆಸರಿದೆ. ದಾದಿ ಬೆಳೆ ಅನ್ನೋಣ. ಹೆಸರೇನೋ ಚೆನ್ನಾಗಿದೆ, ಆದರೆ ದಾರಿ ತಪ್ಪಿಸುವುದೂ ಅದೇ.

ಆ ಬೇಸಿಗೆ ಊರಿನಿಂದ ಬಂದಿದ್ದ ಅಪ್ಪಯ್ಯ ತಗ್ಗಿನ ಏರಿಯ ಮೇಲೆ ಮೊಳಕಾಲೆತ್ತರ ಬಂದಿದ್ದ ಓಟ್ಸ್ ನೋಡಿ, "ಅಡಿಕೆ ಸಸಿಗೆ ನೆರಳಿಗೆ ಅಂತ ಬಾಳೆ ಹಾಕ್ತೀವಲ್ಲ, ಅದೇ ಅಲ್ವೇನೋ ಇದು?" ಎಂದರು. ತೀರ್ಥಹಳ್ಳಿ ಕಡೆಯ ತೋಟದವರು ಹಾಗೆ ಕೇಳುವುದು ಸಹಜ. ಕಾಫಿ ಗಿಡಕ್ಕೆ ಹಾಲವಾಣದ ನೆರಳು ಕೊಡುವುದೂ ಅದೇ ಜಾತಿಯ ಉಪಾಯ. "ಅಲ್ಲ ಅಪ್ಪಯ್ಯ, ನಿಮ್ಮ ಅಡಿಕೆ ಸಸಿಗೆ ಬಿಸಿಲಾದರೆ ಸುಟ್ಟುಹೋಗುತ್ತೆ, ಅದಕ್ಕೆ ನೆರಳು ಬೇಕು. ಇವಕ್ಕೆ ನೆರಳೇ ಶತ್ರು" ಎಂದೆ. ಪ್ರೇರಿ ಗಿಡಗಳು ಬಟ್ಟ ಬಯಲಿನವು, ಮೊಳಕೆಯಿಂದ ಹಿಡಿದು ಪೂರ್ತಿ ಬಿಸಿಲು ಬೇಡುವಂಥವು. ಓಟ್ಸ್ ಅವುಗಳಿಗೆ ಹಾಲೂಡಿಸುವುದಿಲ್ಲ, ತೊಟ್ಟಿಲು ತೂಗುವುದಿಲ್ಲ. ಅದು ಕುಡಿಯುವ ನೀರು ಈ ಸಸಿಗಳ ಪಾಲಿನದು, ಅದು ತಿನ್ನುವ ಬೆಳಕೂ ಇವುಗಳ ಪಾಲಿನದು. ಅದರ ಉಪಕಾರವೆಲ್ಲ ಮಣ್ಣಿಗೆ. ಸ್ವಲ್ಪಮಟ್ಟಿಗೆ, ಕಿಟಕಿಯಿಂದ ನೋಡುವ ನೆರೆಮನೆಯವರ ಕಣ್ಣಿಗೆ. "ಹಂಗಾರೆ ಅದು ದಾದಿ ಅಲ್ಲ, ಬೇಲಿ" ಎಂದರು ಅಪ್ಪಯ್ಯ. ಇಡೀ ಚಳಿಗಾಲ ನಾನು ಓದಿದ್ದು ಅವರ ಒಂದು ಮಾತಿನಲ್ಲಿ ಮುಗಿದಿತ್ತು!

ಬೇಲಿ ಎಂದ ಮೇಲೆ ಅದು ದಟ್ಟವಾಗಿರಬಾರದು. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಪ್ರೇರಿ ಬೀಜದ ಮಿಶ್ರಣವನ್ನು ಸಾಮಾನ್ಯವಾಗಿ ಚದರ ಅಡಿಗೆ 40ರಿಂದ 60 ಬೀಜ ಬೀಳುವಂತೆ ಲೆಕ್ಕ ಹಾಕಿ ಬಿತ್ತುತ್ತಾರೆ. ಒಂದು ಎಕರೆಗೆ 43,560 ಚದರ ಅಡಿ. ಒಂದು ಪೌಂಡ್ ಓಟ್ಸಿನಲ್ಲಿ ಸುಮಾರು 14 ಸಾವಿರ ಕಾಳು. ಎಕರೆಗೆ ಒಂದು ಬುಶೆಲ್, ಅಂದರೆ 32 ಪೌಂಡ್ ಬಿತ್ತಿದರೆ ಚದರ ಅಡಿಗೆ ಹತ್ತು ಓಟ್ಸ್ ಗಿಡ. ಅಷ್ಟು ಸಾಕು, ಇಳಿಜಾರು ಹೆಚ್ಚಿದ್ದಲ್ಲಿ ಮಾತ್ರ ಇನ್ನೂ ಸ್ವಲ್ಪ. ಓಟ್ಸನ್ನೇ ಬೆಳೆಯಾಗಿ ಬೆಳೆಯುವ ರೈತ ಇದರ ಎರಡು ಮೂರು ಪಟ್ಟು ಬಿತ್ತುತ್ತಾನೆ. ಆ ಪ್ರಮಾಣವನ್ನು ಇಲ್ಲಿಗೆ ತಂದರೆ ನಿಮಗೆ ಸಿಗುವುದು ಒಳ್ಳೆಯ ಓಟ್ಸ್ ಹೊಲ, ಪ್ರೇರಿಯಲ್ಲ. ತೂಕ ನೋಡಿ ಮೋಸಹೋಗಬಾರದೆನ್ನುವುದಕ್ಕೆ ಇನ್ನೊಂದು ಉದಾಹರಣೆ: ಬ್ಲ್ಯಾಕ್ ಐಡ್ ಸೂಸನ್ ಎಂಬ ಹಳದಿ ಹೂವಿನ ಗಿಡದ ಬೀಜ ಒಂದು ಪೌಂಡಿಗೆ 15 ಲಕ್ಷ ದಾಟುತ್ತದೆ. ಓಟ್ಸಿನ ಒಂದು ಕಾಳಿನ ತೂಕದಲ್ಲಿ ಅಂಥ ನೂರು ಗಿಡಗಳಿವೆ. ಕೊಟೇಶನ್‌ಗಳಲ್ಲಿ ಎಲ್ಲವನ್ನೂ ಪೌಂಡಿನಲ್ಲೇ ಬರೆದಿರುತ್ತಾರೆ. ಬೀಜದ ಸಂಖ್ಯೆ ಎಷ್ಟು ಎಂದು ಕೇಳಿ ಪಡೆಯಬೇಕು.

ಈಗ ಆ 'ರೈ' ವಿಚಾರಕ್ಕೆ ಬರೋಣ. ನನ್ನ ಕಸುಬಿನಲ್ಲಿ ಒಂದೇ ಹೆಸರಿನ ನಾಲ್ಕು ವೇರಿಯಬಲ್‌ಗಳನ್ನು ಒಂದೇ ಪ್ರೋಗ್ರಾಮಿನಲ್ಲಿಟ್ಟವನಿಗೆ ಮರ್ಯಾದೆ ಇರುವುದಿಲ್ಲ. ಬೀಜದ ಅಂಗಡಿಯಲ್ಲಿ ಅದು ದಿನನಿತ್ಯದ ವ್ಯವಹಾರ. ರೈ ಎಂದರೆ ಮೊದಲನೆಯದಾಗಿ ಬ್ರೆಡ್ ಮಾಡುವ ಧಾನ್ಯ, ಸೆಕಾಲೆ ಸೀರಿಯಾಲೆ. ಎರಡನೆಯದು ಆನ್ಯುಯಲ್ ರೈಗ್ರಾಸ್, ಲೋಲಿಯಮ್ ಮಲ್ಟಿಫ್ಲೋರಮ್. ಮೂರನೆಯದು ಅದರ ಬಹುವಾರ್ಷಿಕ ಅಣ್ಣ, ಲಾನ್‌ಗಳಿಗೆ ಹಾಕುವ ಪೆರೆನಿಯಲ್ ರೈಗ್ರಾಸ್. ನಾಲ್ಕನೆಯದು ಕೆನಡಾ ವೈಲ್ಡ್ ರೈ, ಎಲಿಮಸ್ ಕೆನಡೆನ್ಸಿಸ್, ಇದೇ ನೆಲದ ಪ್ರೇರಿ ಹುಲ್ಲು. ನಾಲ್ಕೂ ಬೇರೆ ಬೇರೆ ಗಿಡ, ನಾಲ್ಕರ ಪರಿಣಾಮವೂ ಬೇರೆ.

ಬ್ರೆಡ್ಡಿನ ರೈ ಇವತ್ತು ಮಿಡ್‌ವೆಸ್ಟಿನ ಜೋಳ, ಸೋಯಾ ರೈತರಿಗೆ ಅಚ್ಚುಮೆಚ್ಚು. ಸೋಯಾ ಬಿತ್ತುವ ಮುನ್ನ ಚಳಿಗಾಲವಿಡೀ ಹೊಲವನ್ನು ಹೊದೆಯಲು ಅದಕ್ಕಿಂತ ಗಟ್ಟಿ ಗಿಡ ಸಿಗುವುದು ಕಷ್ಟ. ಅದರ ಬೇರು, ಎಲೆ, ಕೊಳೆತ ಹುಲ್ಲಿನಿಂದ ಬೆಂಜಾಕ್ಸಜಿನಾಯ್ಡ್ ಎಂಬ ರಾಸಾಯನಿಕಗಳು ಮಣ್ಣಿಗಿಳಿದು ಬೇರೆ ಬೀಜ ಮೊಳೆಯದಂತೆ ತಡೆಯುತ್ತವೆ. ಆಳದಲ್ಲಿ ಬಿತ್ತಿದ ದೊಡ್ಡ ಸೋಯಾ ಕಾಳಿಗೆ ಅದರಿಂದ ಅಷ್ಟೇನೂ ಬಾಧೆಯಿಲ್ಲ, ಮೇಲ್ಮಣ್ಣಿನ ಸಣ್ಣ ಕಳೆ ಬೀಜಗಳಿಗೆ ಮಾತ್ರ ಪೆಟ್ಟು. ರೈತನಿಗೆ ಬೇಕಾದ್ದೂ ಅದೇ. ಆದರೆ ಪ್ರೇರಿ ಬೀಜಗಳೂ ಸಣ್ಣವೇ, ಬೀಳುವುದೂ ಮೇಲ್ಮಣ್ಣಿಗೇ! ಹೊಲದಲ್ಲಿ ಗುಣವೆನಿಸಿದ್ದು ಇಲ್ಲಿ ಅವಗುಣ. ರೈತರಿಗಾಗಿ ಬರೆದ ಸಲಹೆಯನ್ನು ಕಣ್ಣುಮುಚ್ಚಿಕೊಂಡು ಪ್ರೇರಿಗೆ ತರಬಾರದೆನ್ನುವುದು ಇದಕ್ಕೇ.

ಆನ್ಯುಯಲ್ ರೈಗ್ರಾಸ್ ಹೆಸರಿಗೆ ಏಕವಾರ್ಷಿಕ. ಆದರೆ ಬೀಜ ಉದುರಿಸಿ ಮರುವರ್ಷವೂ ಹಾಜರಾಗಬಲ್ಲದು. ಎಕರೆಗೆ ನಾಲ್ಕೈದು ಪೌಂಡಿಗೆ ಮಿತಿಗೊಳಿಸಿ ಬಳಸುವವರಿದ್ದಾರೆ. ನನ್ನ ಮಟ್ಟಿಗೆ ಓಟ್ಸ್ ಸಿಗುವಾಗ ಆ ಗೋಜೇ ಬೇಡ. ಪೆರೆನಿಯಲ್ ರೈಗ್ರಾಸಂತೂ ಬಾಡಿಗೆಗೆ ಬಂದು ಮನೆ ಬಿಡದ ಗಿರಾಕಿ. ಕ್ಲೋವರ್, ಆಲ್ಫಾಲ್ಫಾಗಳನ್ನು ಸೂಚಿಸುವವರೂ ಸಿಗುತ್ತಾರೆ. ಬೇಡ. ಅವೂ ಜಾಗ ಬಿಡುವುದಿಲ್ಲ. ಮೇಲಾಗಿ ಮಣ್ಣಿಗೆ ಸಾರಜನಕ ಸೇರಿಸುತ್ತವೆ. ಸಾರಜನಕ ಹೆಚ್ಚಾದರೆ ಮೊದಲು ಕೊಬ್ಬುವುದು ಕಳೆ. ಪ್ರೇರಿ ನೆಡುವಾಗ ಗೊಬ್ಬರ ಹಾಕಬೇಡಿ ಎನ್ನುವುದೂ ಇದೇ ಕಾರಣಕ್ಕೆ. ಹಸಿರೆಲೆ ಗೊಬ್ಬರವೆಂದರೆ ಪುಣ್ಯದ ಕೆಲಸ ಎಂದು ಕೇಳಿ ಬೆಳೆದ ನಮಗೆ ಇದು ವಿಚಿತ್ರವಾಗಿ ಕಾಣುವುದು ನಿಜ.

ಕೆನಡಾ ವೈಲ್ಡ್ ರೈ ಮಾತ್ರ ಮನೆಯವನೇ. ಬೇರೆ ಪ್ರೇರಿ ಹುಲ್ಲುಗಳಿಗಿಂತ ಬೇಗ ಮೊಳೆತು, ಬಾಗಿದ ಮೀಸೆಯಂಥ ತೆನೆ ಬಿಟ್ಟು, ನಾಲ್ಕಾರು ವರ್ಷದಲ್ಲಿ ತಾನಾಗಿ ಹಿಂದೆ ಸರಿಯುತ್ತದೆ. ಮಿಶ್ರಣದಲ್ಲಿ ಅತಿಯಾಗಿ ಸೇರಿಸಿದರೆ ಆ ನಾಲ್ಕು ವರ್ಷ ಅದೊಂದೇ ಕಾಣುತ್ತದೆ, ಅಷ್ಟೆ. ಇದರ ಜೊತೆ ಮೊದಲ ವರ್ಷವೇ ಹಳದಿ ಹೂ ಬಿಡುವ ಪಾರ್ಟ್ರಿಜ್ ಪೀ, ಎರಡನೆಯ ವರ್ಷ ಹೂ ಬಿಡುವ ಬ್ಲ್ಯಾಕ್ ಐಡ್ ಸೂಸನ್ ಸೇರಿಸಿದರೆ, ಸಂಘದ ಸಭೆಯಲ್ಲಿ "ಏನಾದರೂ ಬಂತೇ?" ಎಂದು ಕೇಳುವವರಿಗೆ ತೋರಿಸಲು ಬಣ್ಣವಾದರೂ ಇರುತ್ತದೆ.

ಉಳಿದದ್ದು ಓಟ್ಸ್. ಡಾಕ್ಟರರು ಕೊಲೆಸ್ಟರಾಲ್ ನೋಡಿ ನಮಗೆಲ್ಲ ಬರೆದುಕೊಡುವ, ಉಪ್ಪಿಟ್ಟು ಮಾಡಿ ಉಪ್ಪಿಟ್ಟಿನ ಮಾನ ಕಳೆಯುವ ಅದೇ ಓಟ್ಸ್. (ಡಬ್ಬಿಯಲ್ಲಿರುವುದನ್ನು ಬಿತ್ತಬೇಡಿ, ಅದು ಆವಿಯಲ್ಲಿ ಬೆಂದು ಚಪ್ಪಟೆಯಾದದ್ದು. ಹಕ್ಕಿ ಕಾಳಿನ ಮೂಟೆಯೂ ಬೇಡ, ಅದರಲ್ಲಿ ಕಳೆ ಬೀಜ ಇರಬಹುದು. ಬಿತ್ತನೆಗೆಂದೇ ಶುದ್ಧ ಮಾಡಿದ್ದನ್ನು ಕೊಳ್ಳಬೇಕು.) ಓಟ್ಸಿನ ದೊಡ್ಡ ಗುಣವೆಂದರೆ ಅದು ಸಾಯುತ್ತದೆ. ಇಲಿನಾಯ್‌ನ ಚಳಿಯನ್ನು ಅದು ತಡೆಯಲಾರದು. ಏಪ್ರಿಲ್, ಮೇ ತಿಂಗಳಲ್ಲಿ ಪ್ರೇರಿ ಬೀಜದ ಜೊತೆಗೇ ಬಿತ್ತಿದರೆ ವಾರ ಹತ್ತು ದಿನದಲ್ಲಿ ಮೊಳೆತು ಇಳಿಜಾರನ್ನು ಹಿಡಿಯುತ್ತದೆ. ಇದಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು ಕ್ರಮ. ಆಗಸ್ಟ್ ಕೊನೆಯಲ್ಲಿ ಓಟ್ಸ್ ಒಂದನ್ನೇ ಬಿತ್ತುವುದು. ತೆನೆ ಬಲಿಯುವ ಮೊದಲೇ ಹಿಮ ಬಿದ್ದು ಅದು ಸತ್ತು ನೆಲದ ಮೇಲೆ ಚಾಪೆಯ ಹಾಗೆ ಮಲಗುತ್ತದೆ. ಡಿಸೆಂಬರಿನಿಂದ ಫೆಬ್ರವರಿಯೊಳಗೆ ಆ ಚಾಪೆಯ ಮೇಲೆ ಪ್ರೇರಿ ಬೀಜ ಎರಚುವುದು. ನೆಲ ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟುವಾಗ ಮಣ್ಣು ಬಿರಿದು ಬೀಜವನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ಹೂಗಿಡಗಳಲ್ಲಿ ಎಷ್ಟೋ ಬೀಜಗಳಿಗೆ ತೇವದ ಚಳಿಯಲ್ಲಿ ಕೆಲವು ವಾರ ಕಳೆಯದೆ ಮೊಳೆಯುವ ಬುದ್ಧಿ ಬರುವುದೇ ಇಲ್ಲ, ಆ ಶಾಸ್ತ್ರವೂ ಪುಕ್ಕಟೆ ಮುಗಿಯುತ್ತದೆ. ವಸಂತಕ್ಕೆ ಮಣ್ಣನ್ನು ಹಿಡಿಯಲು ಸತ್ತ ಓಟ್ಸ್ ಇದೆ, ಆದರೆ ನೀರಿಗೂ ಬಿಸಿಲಿಗೂ ಪಾಲು ಕೇಳುವುದಿಲ್ಲ.

ಹಾಗಾದರೆ ಓಟ್ಸ್ ಕಳೆಯನ್ನು ತಡೆಯುವುದಿಲ್ಲವೇ? ಅಷ್ಟಿಷ್ಟು. ಚದರ ಅಡಿಗೆ ಹತ್ತು ಗಿಡ ಕಳೆಯನ್ನು ಮಣಿಸಲಾರವು. ಮಣಿಸುವಷ್ಟು ದಟ್ಟ ಬಿತ್ತಿದರೆ ಸಸಿಗಳೂ ಮಣಿಯುತ್ತವೆ. ಕಳೆಗೆ ನಿಜವಾದ ಮದ್ದು ಮೋವರ್. ಮೊದಲ ಬೇಸಿಗೆ ಕಳೆ ಒಂದಡಿ ದಾಟಿದಾಗಲೆಲ್ಲ, ಅಂದರೆ ಮೂರು ನಾಲ್ಕು ವಾರಕ್ಕೊಮ್ಮೆ, ಬ್ಲೇಡನ್ನು ಐದಾರು ಇಂಚು ಎತ್ತರಕ್ಕೆ ಏರಿಸಿ ಸವರಬೇಕು. ಪ್ರೇರಿ ಸಸಿಗಳು ಆ ಎತ್ತರಕ್ಕೆ ಬಂದೇ ಇರುವುದಿಲ್ಲ, ಅವುಗಳ ತಲೆ ಉಳಿಯುತ್ತದೆ. ಸೀಡರ್ ಫಾಲ್ಸ್‌ನಲ್ಲಿರುವ ನಾರ್ದರ್ನ್ ಅಯೋವಾ ವಿಶ್ವವಿದ್ಯಾಲಯದವರು ಹುಲ್ಲು ಆಗಲೇ ತುಂಬಿದ್ದ ಜಾಗದಲ್ಲಿ ಹೂಗಿಡದ ಬೀಜ ಬಿತ್ತಿ, ಮೊದಲ ಬೇಸಿಗೆ ಪದೇ ಪದೇ ಸವರಿ ನೋಡಿದರು. ಸವರಿದ ಕಡೆ ಹೂಗಿಡಗಳು ಹೆಚ್ಚು ಉಳಿದುಕೊಂಡವೆಂದು 2007ರಲ್ಲಿ ಪ್ರಕಟವಾದ ಆ ಅಧ್ಯಯನ ತೋರಿಸಿತು. ಬಿಸಿಲು ಕೆಳಗಿಳಿದದ್ದೇ ಗುಟ್ಟು. ವಸಂತದಲ್ಲಿ ಬಿತ್ತಿದ ಓಟ್ಸಿಗೂ ಇದೇ ನ್ಯಾಯ. ತೆನೆ ಹೊರಬರುವ ಹೊತ್ತಿಗೆ ಅದನ್ನೂ ಸವರಲೇಬೇಕು. ಅಯ್ಯೋ ಹಸಿರಾಗಿದೆ, ಚೆನ್ನಾಗಿದೆ ಎಂದು ಬಿಟ್ಟರೆ ಮಳೆಗಾಳಿಗೆ ಅಡ್ಡಬಿದ್ದು ಸಸಿಗಳ ಮೇಲೆ ಕಂಬಳಿಯಾಗುತ್ತದೆ.

ಈ ಸವರುವ ವಿಚಾರಕ್ಕೇ ನಮ್ಮಲ್ಲಿ ದೊಡ್ಡ ಜಗಳವಾದದ್ದು. ಲಾನ್ ಬೇಡ ಅಂತ ತಾನೆ ಇಷ್ಟೆಲ್ಲ ಮಾಡಿದ್ದು, ಮತ್ತೆ ಯಾಕೆ ಮೋವರ್ ಎಂದು ಕೆಲವರು. ಇದು ಬರೀ ಕಳೆ, ಬುಡಕ್ಕೆ ಕತ್ತರಿಸಿ ಎಂದು ಕೆಲವರು. ಕೊನೆಗೆ ಒಂದು ಸಂಜೆ ಏಳೆಂಟು ಜನರನ್ನು ಏರಿಯ ಮೇಲೆ ಕೂರಿಸಿ, ಸವರಿದ ಕಳೆಯನ್ನು ಕೈಯಿಂದ ಸರಿಸಿ, ಎರಡು ಇಂಚಿನ ಬ್ಲೂಸ್ಟೆಮ್ ಸಸಿಗಳನ್ನು ಎಣಿಸಲು ಹೇಳಿದೆವು. ಒಂದು ಚದರ ಅಡಿಯಲ್ಲಿ ನಾಲ್ಕು ಸಿಕ್ಕಿತು. ಜಗಳ ಅಲ್ಲಿಗೆ ನಿಂತಿತು, ಮೂರು ವರ್ಷದ ಷರತ್ತೇನೋ ಹಾಗೆಯೇ ಇತ್ತು.

ಅಂದ ಹಾಗೆ ನಾವು ಇಡೀ ಅರ್ಧ ಎಕರೆಗೆ ಓಟ್ಸ್ ಹಾಕಲಿಲ್ಲ. ಏರಿಯ ಇಳಿಜಾರಿಗೆ ಮಾತ್ರ ಹಾಕಿ, ಮಟ್ಟಸವಾದ ತಳವನ್ನು ಬಿಟ್ಟೆವು. ಸೋಯಾ ಕೊಯ್ಲಾದ ಮಟ್ಟಸ ಹೊಲದಂಥ ಚೊಕ್ಕ ನೆಲವಿದ್ದರೆ ಹೊದಿಕೆ ಬೆಳೆಯ ಖರ್ಚೇ ಬೇಡ, ನೇರವಾಗಿ ಚಳಿಗಾಲದಲ್ಲಿ ಬೀಜ ಎರಚಿದರಾಯಿತು. ಎಲ್ಲರೂ ಹಾಕುತ್ತಾರೆ ಎಂಬ ಕಾರಣಕ್ಕೆ ಹಾಕುವುದು ಬೇಡ. ನೀರು ಎಲ್ಲಿ ಹರಿಯುತ್ತದೆ ಎನ್ನುವುದನ್ನು ಒಂದು ಮಳೆಯಲ್ಲಿ ಕೊಡೆ ಹಿಡಿದು ನಿಂತು ನೋಡಿ ತೀರ್ಮಾನಿಸಬಹುದು.

ಎರಡನೆಯ ವರ್ಷ ಒಂದೆರಡು ಸಲ, ಇನ್ನೂ ಎತ್ತರದಲ್ಲಿ ಸವರಿದರೆ ಸಾಕು. ಆಮೇಲೆ ಬೆಂಕಿಯ ಸರದಿ. ಪ್ರೇರಿಗೆ ಬೆಂಕಿ ಬೇಕು. ಅದರ ಜೀವ ನೆಲದೊಳಗಿರುವುದರಿಂದ ಮೇಲೆ ಸುಟ್ಟರೂ ಅದಕ್ಕೆ ನಷ್ಟವಿಲ್ಲ, ಒಣ ಹುಲ್ಲು ಹೋಗಿ ನೆಲ ಬಿಸಿಯಾಗುತ್ತದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅರ್ಬೊರೇಟಂನಲ್ಲಿ 1930ರ ದಶಕದಲ್ಲಿ ನೆಡಲು ಶುರುಮಾಡಿದ, ಈಗ ಕರ್ಟಿಸ್ ಪ್ರೇರಿ ಎಂದು ಕರೆಯುವ ಜಾಗದಲ್ಲಿ 1940ರ ದಶಕದಲ್ಲೇ ಈ ಪ್ರಯೋಗ ಮಾಡಿ ತೋರಿಸಿದರು. ಬಡಾವಣೆಗಳಲ್ಲಿ ಬೆಂಕಿ ಹಚ್ಚಲು ಪರ್ಮಿಟ್, ತರಬೇತಿ ಪಡೆದವರು, ಗಾಳಿಯ ದಿಕ್ಕು ಎಲ್ಲ ನೋಡಬೇಕು. ನಮಗೆ ಮೂರನೆಯ ವರ್ಷ ಏಪ್ರಿಲಿನಲ್ಲಿ ಅನುಮತಿ ಸಿಕ್ಕಿತು. ಆ ಆಗಸ್ಟಿನಲ್ಲಿ ಬ್ಲೂಸ್ಟೆಮ್ ನನ್ನ ಭುಜಕ್ಕೆ ಬಂತು. ಓಟ್ಸಿನ ಒಂದು ಗಿಡವೂ ಇರಲಿಲ್ಲ. ಸಂಘದ ಸಭೆಯಲ್ಲಿ ಲಾನ್ ಪ್ರಸ್ತಾಪವನ್ನು ಯಾರೂ ಎತ್ತಲಿಲ್ಲ.

ಬೆಳೆದ ಪ್ರೇರಿಯನ್ನು ನೋಡಬೇಕೆನ್ನುವವರಿಗೆ ಬಟೇವಿಯಾದ ಫರ್ಮಿಲ್ಯಾಬ್ ಇದೆ. ಅಲ್ಲಿ ರಾಬರ್ಟ್ ಬೆಟ್ಸ್ ಎಂಬ ಪ್ರಾಧ್ಯಾಪಕರು 1975ರಲ್ಲಿ ಕಣಗಳನ್ನು ಓಡಿಸುವ ದೊಡ್ಡ ಉಂಗುರದ ಒಳಗಿನ ನೆಲದಲ್ಲಿ ಸುಮಾರು ಹತ್ತು ಎಕರೆಯಿಂದ ಕೆಲಸ ಶುರುಮಾಡಿದರು. ಹಳೆಯ ಸ್ಮಶಾನಗಳ ಪ್ರೇರಿಯನ್ನು ಹುಡುಕಿ ಹುಡುಕಿ ಅಭ್ಯಾಸ ಮಾಡಿದವರು ಅವರು. ಅವರ ಕ್ರಮ ಸ್ವಾರಸ್ಯದ್ದು: ಮೊದಲು ಗಟ್ಟಿ ಜೀವದ, ಕಳೆಯೊಡನೆ ಹೊಡೆದಾಡಬಲ್ಲ ಪ್ರೇರಿ ಗಿಡಗಳನ್ನಷ್ಟೇ ನೆಡುವುದು, ವರ್ಷಗಳು ಕಳೆದು ಅವು ನೆಲವನ್ನು ಹದ ಮಾಡಿದ ಮೇಲೆ ನಾಜೂಕಿನವನ್ನು ಒಂದೊಂದಾಗಿ ಸೇರಿಸುವುದು. ಈಗ ಅಲ್ಲಿ ಪ್ರೇರಿ ಸಾವಿರ ಎಕರೆಯಷ್ಟಿದೆ, ಪಕ್ಕದಲ್ಲಿ ಕಾಡುಕೋಣದ ನೆಂಟರಾದ ಬೈಸನ್‌ಗಳೂ ಇವೆ. ಅರೋರಾದ ಬಾಲಾಜಿ ದೇವಸ್ಥಾನದಿಂದ ಕಾರಿನಲ್ಲಿ ಅರ್ಧ ಗಂಟೆಯೂ ಬೇಡ. ದರ್ಶನ, ಪ್ರಸಾದ ಮುಗಿಸಿಕೊಂಡು ಹೋಗಬಹುದು. ಪ್ರವೇಶದ ಸಮಯ, ಯಾವ ಗುರುತಿನ ಚೀಟಿ ಬೇಕು ಎನ್ನುವುದನ್ನು ಮೊದಲೇ ವಿಚಾರಿಸಿಕೊಳ್ಳಿ. ಆಗಸ್ಟ್ ಕೊನೆ ಒಳ್ಳೆಯ ಕಾಲ. ಉದ್ದ ಪ್ಯಾಂಟು ಹಾಕಿಕೊಂಡು ಹೋಗಿ, ಹುಲ್ಲಿನಲ್ಲಿ ಉಣ್ಣೆಗಳಿರುತ್ತವೆ.